ಅಂಗಳದಲ್ಲಿ ಹಿಮ್ಮಡಿ ಗುರುತು

ಮಾವನಿಗೆ ಎಡಮಗ್ಗುಲಲ್ಲೇ ಗಾಯಗಳಾಗುವುದನ್ನು ಪ್ರಮೀಳಾ ಗಮನಿಸಿದ್ದಳು. ಮೊದಲು ಮೊಣಕೈ ತರಚಿತ್ತು, ಆಮೇಲೆ ತೊಡೆಯ ಮೇಲೆ ಅಂಗೈಯಗಲ ಕಪ್ಪುಗಟ್ಟಿತ್ತು. ಕೇಳಿದರೆ ಮಾವ, ಮಿಲಿಟರಿಯಿಂದ ನಿವೃತ್ತರಾಗಿದ್ದ ಹವಾಲ್ದಾರ್ ಚಿಕ್ಕಬೀರಯ್ಯ, ಕೊಟ್ಟಿಗೆ ಬಾಗಿಲು ತಗುಲಿತೆಂದು ಹೇಳಿ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ಈ ವಯಸ್ಸಲ್ಲಿ ಬಿದ್ದರೆ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿಯುತ್ತಾರೆ ಎಂದು ಕೆ.ಆರ್. ನಗರದ ಡಾಕ್ಟರು ಹೇಳಿದ್ದರು. ಹಾಸಿಗೆ ಹಿಡಿದರೆ ಎತ್ತುವವಳು ಅವಳೇ. ಗಂಡ ಧರ್ಮೇಂದ್ರ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮನೆಗೆ ಬೆಂಕಿ ಹಾಕುತ್ತ ಅಲ್ಲೇ ಮಲಗುತ್ತಿದ್ದ. ಸೊಪ್ಪು ಕಟ್ಟಿ ಕಟ್ಟಿ ಅವಳ ಸೊಂಟವೂ ಹಿಡಿದುಕೊಂಡಿತ್ತು.

ನಡೆಯಲೆಂದು ತಂದುಕೊಟ್ಟ ವಾಕರ್ ಮೇಲೆ ಮಾವ ಟವೆಲ್ ಒಣಗಹಾಕುತ್ತಿದ್ದರು.

ಸೋಮವಾರ ಅಂಗಳ ಸಾರಿಸಿ ಹೊಲಕ್ಕೆ ಹೋದವಳು ಮಧ್ಯಾಹ್ನ ಬಂದಾಗ ನೆಲದಲ್ಲಿ ಹಿಮ್ಮಡಿ ಗುರುತು ಕಂಡಳು. ಒಂದೇ ಜಾಗದಲ್ಲಿ ಕುಟ್ಟಿ ಕುಟ್ಟಿ ಗುಳಿಬಿದ್ದಿತ್ತು. ಪಕ್ಕದಲ್ಲಿ ಮೈ ಉಜ್ಜಿದ ಗೆರೆ. ನಡೆದವರ ಹೆಜ್ಜೆ ಹಾಗಿರುವುದಿಲ್ಲ. ಆಗಸ್ಟ್ ಹದಿನೈದಕ್ಕೆ ನೀವೇ ಬಾವುಟ ಹಾರಿಸಬೇಕೆಂದು ಹೆಡ್‌ಮಾಸ್ಟರು ಶಿವನಂಜಪ್ಪ ಬಂದು ಕರೆದುಹೋಗಿದ್ದು ನೆನಪಾಯಿತು. ಮನೆಯಲ್ಲಿ ಯಾರೂ ಇಲ್ಲದಾಗ ಮಾವ ಸೆಲ್ಯೂಟಿನ ತಾಲೀಮು ಮಾಡುತ್ತಿದ್ದರು. ಕತ್ತೆತ್ತಿ ಕಾಲು ಕುಟ್ಟಿದಾಗ ಬೀಳುತ್ತಿದ್ದರು.

ಹೆಡ್‌ಮಾಸ್ಟರಿಗೆ ಹೇಳಿ ಕುರ್ಚಿ ಹಾಕಿಸುತ್ತೇನೆ ಎಂದಳು.

"ಕೂತ್ಕಂಡು ಬಾವುಟ ನೋಡಕ್ಕಾ ಇಪ್ಪತ್ನಾಕು ವರ್ಸ ಗಡಿಲಿ ನಿಂತಿದ್ದು?"

"ಬಿದ್ರೆ ಎತ್ತೋಳು ನಾನೇ ಕಣ್ ಮಾವ. ನನ್ ಕೈಲಿ ಆಯ್ತಾ ಇಲ್ಲ."

ಮಾವನನ್ನು ನೋಡಿಕೊಳ್ಳುತ್ತಿದ್ದ ಮೂರು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದಿದ್ದು ಅದೇ ಮೊದಲು. ಸೊಂಟ ಒತ್ತಿ ಹಿಡಿದಿದ್ದ ಅವಳ ಕೈಯನ್ನೇ ಮಾವ ನೋಡುತ್ತ ಕೂತರು. ಆಮೇಲೆ ಎದ್ದು ಟ್ರಂಕಿನಿಂದ ಹಳೇ ಬೆಲ್ಟು ತೆಗೆದು ಪಂಚೆಯ ಮೇಲೆ ಬಿಗಿದುಕೊಂಡರು.

"ಹಿಂದ್ಗಡೆಯಿಂದ ಹಿಡ್ಕಳವ್ವ. ಕಾಲು ಕುಟ್ಟಾಕಿಲ್ಲ, ಮೆಲ್ಲಗೆ ಇಡ್ತೀನಿ."

ಕಾಲೆತ್ತಿದ ಕೂಡಲೇ ಅವರ ಭಾರವೆಲ್ಲ ಅವಳ ತೋಳಿಗೆ ಬಂತು. ಸೊಂಟ ಚಳಕ್ ಎಂದಿತು. ಅವರು ಸದ್ದಿಲ್ಲದೆ ಕಾಲಿಟ್ಟು, ಕೈಯನ್ನು ಹಣೆಗೆ ತಂದರು. ಬೀಳಲಿಲ್ಲ.

ಶಾಲೆಯ ಹತ್ತಿರವೂ ಹೀಗೇ ಹಿಡಿಯಬೇಕೇ ಎಂದು ಅವಳು ಕೇಳಿದಳು. ಹೂಂ ಎಂದರು.

"ಸೊಸೆ ಬೆಲ್ಟ್ ಹಿಡ್ಕಂಡು ನಿಂತಿದ್ರೆ ಊರೋರು ನಗಾಕಿಲ್ವಾ?"

"ನಗ್ಲಿ ಬುಡು. ಬಿದ್ರೆ ಇನ್ನೂ ನಗ್ತಾರೆ."

ಹದಿನೈದಕ್ಕೆ ಇನ್ನೂ ಒಂಬತ್ತು ದಿನ ಇತ್ತು. ಮಾವ ಮತ್ತೆ ನೆಟ್ಟಗಾದರು. ಪ್ರಮೀಳಾ ಒಂದು ಕೈ ಬಿಡಿಸಿ ಸೊಂಟ ತಿಕ್ಕಿಕೊಂಡು, ಪುನಃ ಬೆಲ್ಟು ಹಿಡಿದಳು.