ಕೂತು ಉಣ್ಣದ ಮಾವ

ನನ್ನ ಸೋದರಮಾವ ಕೂತು ಊಟ ಮಾಡಿದ್ದನ್ನು ಕಂಡವರು ನಮ್ಮ ವಂಶದಲ್ಲೇ ಇಲ್ಲ. ಕಾರ್ಖಾನೆಯೊಂದರ ಕ್ಯಾಂಟೀನಿನ ಮೇಲ್ವಿಚಾರಕರಾಗಿ ಆಯುಷ್ಯ ಸವೆಸಿದ ಅವರು, ಪಾಳಿಯ ಮೇಲೆ ಪಾಳಿಯಾಗಿ ಬಂದು ಉಂಡು ಹೋಗುವ ಜನಸಂದಣಿಯ ನಡುವೆ ಓಡಾಡಿ ಓಡಾಡಿ, ನಿವೃತ್ತರಾದ ಮೇಲೂ, ಬಟ್ಟಬಯಲಿನಲ್ಲಿ ಕೂಡ, ಎರಡು ಮೇಜುಗಳ ಸಂದಿಯಲ್ಲಿ ನುಸುಳುವವರಂತೆ ಒಂದು ಭುಜವನ್ನು ಮುಂದೆ ಮಾಡಿಕೊಂಡೇ ನಡೆಯುತ್ತಿದ್ದರು. ಉಳಿದವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಅವರದು ಸ್ಟೀಲಿನ ಚಮಚ. ಯಾವ ಮಾತು ಮುಗಿದರೂ "ಮುಂದಿನದು?" ಎಂಬ ಪ್ರಶ್ನೆ. ನನ್ನ ಮದುವೆಯಲ್ಲಿ ತಲೆಯ ಮೇಲೆ ಕೈಯಿಟ್ಟು ಹರಸಿದವರು, ಆ ಕೈ ತೆಗೆಯುವ ಮೊದಲೇ "ಮುಂದಿನದು?" ಅಂದಿದ್ದರು.

ಆಟದ ಪಾರ್ಕಿನ ಬೆನ್ನಿಗೆ ಅಂಟಿಕೊಂಡ ಅಗ್ಗದ ರೆಸಾರ್ಟೊಂದಕ್ಕೆ ಮಾವನನ್ನೂ ಅತ್ತೆಯನ್ನೂ ನಮ್ಮ ಸಂಸಾರದ ಜೊತೆ ಕರೆದೊಯ್ದಾಗ, ಅತ್ತೆ ದಾರಿಯಲ್ಲೇ ನನ್ನ ಕಿವಿಯಲ್ಲಿ ಉಸುರಿದ್ದರು: "ಮದುವೆಯಾದಾಗಿನಿಂದ ಇವರ ಪಕ್ಕ ಕೂತು ಒಂದು ತುತ್ತು ತಿಂದಿಲ್ಲ ಕಣೋ. ಅಲ್ಲಾದ್ರೂ ಒಂದು ಸಲ ತಿನ್ಬೇಕು." ನಾನು ಧೈರ್ಯ ಹೇಳಿದೆ. ರಜೆಯಲ್ಲಿ ಮಾವನಿಗೆ ಕೆಲಸವಾದರೂ ಏನಿದ್ದೀತು?

ರೂಮಿಗೆ ಕಾಲಿಟ್ಟವರೇ ಮಾವ ಹಾಸಿಗೆಯನ್ನಾಗಲಿ ಕಿಟಕಿಯನ್ನಾಗಲಿ ಕಣ್ಣೆತ್ತಿ ನೋಡದೆ, ನೀರು ಕಾಯಿಸುವ ಕೆಟಲನ್ನು ತೆರೆದು ಮೂಸಿ, "ಇದರಲ್ಲಿ ಮೊಟ್ಟೆ ಬೇಯುತ್ತೆ" ಎಂದು ಘೋಷಿಸಿದರು. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದ್ದರಿಂದ ಅದನ್ನು ಹೊಟ್ಟೆ ಬಿರಿಯ ತಿನ್ನತಕ್ಕದ್ದು. ಪಾರ್ಕಿನೊಳಗೆ ಹೊರಗಿನ ತಿನಿಸು ನಿಷಿದ್ಧವಾದ್ದರಿಂದ ಮಧ್ಯಾಹ್ನ, ಮತ್ತೆ ಒಳಬಿಡಲೆಂದು ಕೈಗೆ ಮುದ್ರೆ ಒತ್ತಿಸಿಕೊಂಡು ಹೊರಬಂದು ರೂಮಿನಲ್ಲಿ ಬ್ರೆಡ್ಡು, ಮೊಟ್ಟೆ, ಬಾಳೆಹಣ್ಣು. ಅದೂ ಮಕ್ಕಳು ಮೊದಲ ಪಾಳಿ, ದೊಡ್ಡವರು ಎರಡನೆಯದು. ತಾವು ಮಾತ್ರ ವಾಶ್‌ಬೇಸಿನ್ನಿನ ಪಕ್ಕ ನಿಂತು, ಮಕ್ಕಳು ಬಿಟ್ಟ ಬ್ರೆಡ್ಡಿನ ಅಂಚುಗಳಲ್ಲೇ ಊಟ ಮುಗಿಸುವುದು. ಜಾರುಬಂಡೆಯ ನೆತ್ತಿಯಲ್ಲಿ ಕೂತ ನನ್ನ ಮಗಳಿಗೂ ಕೆಳಗಿನಿಂದ "ಬೇಗ ಬಾರೇ, ಊಟದ ಹೊತ್ತಾಯ್ತು" ಎಂಬ ಕೂಗು. ನನಗೆ ರೇಗಿಹೋಯಿತು, ಒಂದು ಆಟವನ್ನೂ ನೆಟ್ಟಗೆ ಆಡಗೊಡದ ಈ ಪುಣ್ಯಾತ್ಮರನ್ನು ಕರೆತಂದು ಕೆಟ್ಟೆ ಎನಿಸಿತು. ಪ್ರತಿ ಊಟಕ್ಕೂ ಅತ್ತೆ ಪಕ್ಕದ ಕುರ್ಚಿ ಎಳೆದಿಟ್ಟು "ಬನ್ರೀ, ಕೂತ್ಕೊಳ್ಳಿ" ಎನ್ನುವರು. ಮಾವ ಕುರ್ಚಿಯ ಬೆನ್ನನ್ನಷ್ಟೇ ಮುಟ್ಟಿ, "ನೀನು ಶುರು ಮಾಡು, ಬಂದೆ" ಎಂದು ಹೋದವರು ಹೋದವರೇ. ಅತ್ತೆಯ ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು.

ಹೊರಡುವ ದಿನ ಸಂಜೆ ಅತ್ತೆ ಇದ್ದಕ್ಕಿದ್ದಂತೆ ಜಯಂಟ್ ವೀಲ್ ಹತ್ತಲೇಬೇಕೆಂದು ಹಟ ಹಿಡಿದರು. ತೊಟ್ಟಿಲಲ್ಲಿ ಅವರಿಬ್ಬರೂ ಅಕ್ಕಪಕ್ಕ, ಎದುರಿಗೆ ನಾನು. ಕೆಲಸದವನು ಅಡ್ಡಕಂಬಿ ಹಾಕಿ ಚಿಲಕ ಜಡಿದ. ತೊಟ್ಟಿಲು ನೆಲ ಬಿಟ್ಟದ್ದೇ ತಡ, ಅತ್ತೆ ಕೈಚೀಲದೊಳಗಿನ ಸ್ವೆಟರಿನ ಅಡಿಯಿಂದ ಪೊಟ್ಟಣವೊಂದನ್ನು ತೆಗೆದರು. ಒಳಗೆ ಬ್ರೆಡ್ಡು, ಮೊಟ್ಟೆ.

"ಲೇ, ಹೊರಗಿನ ತಿಂಡಿ ತರಬಾರದು ಅಂತ ಬೋರ್ಡಿದೆ!" ಎನ್ನುತ್ತ ಮಾವ ಏಳಹೋದರು. ಕಂಬಿ ಬಿಡಲಿಲ್ಲ.

"ಈಗ ಎಲ್ಲಿಗೆ ಹೋಗ್ತೀರೋ ಹೋಗಿ, ನೋಡೋಣ" ಎಂದ ಅತ್ತೆ ನನ್ನತ್ತ ತಿರುಗಿ, "ನೀನು ಆ ಕಡೆ ನೋಡೋ" ಎಂದರು.

ನೋಡಿದೆ, ಕದ್ದು ಈ ಕಡೆಯೂ ನೋಡಿದೆ. ಮಾವನ ಪಾದಗಳು ಕೂತಲ್ಲೇ ನಡೆಯುತ್ತಿದ್ದವು. ತುತ್ತು ಬಾಯಿಗಿಟ್ಟುಕೊಂಡು ಕೆಳಗಿನ ಹೋಟೆಲಿನ ಮುಂದಿನ ಸಾಲನ್ನು ನೋಡಿದರು, ನನ್ನ ಬರಿಗೈ ನೋಡಿದರು, ಕೊನೆಗೆ ನೋಡಲು ಬೇರೇನೂ ಉಳಿಯದೆ ಅತ್ತೆಯನ್ನು ನೋಡಿದರು. "ಉಪ್ಪು ಸರಿಯಾಗಿದೆ ಕಣೇ" ಎಂದರು. ಅತ್ತೆ ಅಗಿಯುತ್ತಲೇ ಅತ್ತರು. ನನ್ನ ಕಣ್ಣೂ ತುಂಬಿತು.

ತೊಟ್ಟಿಲು ಕೆಳಗಿಳಿಯಿತು. ಕೆಲಸದವನು ಚಿಲಕಕ್ಕೆ ಕೈ ಹಾಕಿದಾಗ ಮಾವ, ಹಳೆಯ ಚಾಳಿಯಂತೆ, "ಮುಂದಿನದು?" ಎಂದರು.

"ಇನ್ನೊಂದು ಸುತ್ತು" ಎಂದರು ಅತ್ತೆ. ಮಾವ ಚಿಲಕದ ಮೇಲಿದ್ದ ಆ ಕೈಯನ್ನು ಮೆಲ್ಲಗೆ ಸರಿಸಿದರು.

ಊರಿಗೆಲ್ಲ ಉಣಬಡಿಸುವ ಇಂಥವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಎಲ್ಲರ ಹಸಿವೂ ಅವರಿಗೆ ಮುಖ ನೋಡಿದರೆ ತಿಳಿಯುತ್ತದೆ. ತಮ್ಮ ಪಕ್ಕದಲ್ಲಿ ಕುರ್ಚಿ ಎಳೆದಿಟ್ಟುಕೊಂಡು ಕಾದವರ ಹಸಿವೊಂದು ಮಾತ್ರ, ಯಾರಾದರೂ ಹಿಡಿದು ಕೂರಿಸುವ ತನಕ, ತಿಳಿಯುವುದಿಲ್ಲ.