ಮಾನ್ಯಪುರದಲ್ಲಿ ಇಲ್ಲದ ರಾಣಿ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದ ಪ್ರಮೋದಾ ಟೀಚರನ್ನು ಹುಡುಕಿಕೊಂಡು ಮೈದುನನ ಮಗ ನಂದೀಶ ದೊಡ್ಡಬೆಳವಂಗಲದ ಮನೆಗೆ ಬಂದ.

"ದೊಡ್ಡಮ್ಮ, ಪ್ರತಿ ಭಾನುವಾರ ಬೆಂಗಳೂರಿಂದ ಜನ ಕರ್ಕೊಂಡು ಮಣ್ಣೆಗೆ ಬರ್ತೀನಿ. ನೀವು ಬಂದು ಹಿಸ್ಟರಿ ಹೇಳಿ, ಸಾಕು."

ಪ್ರಮೋದಾ ಅವರಿಗೆ ನಿಜಕ್ಕೂ ಸಂತೋಷವಾಯಿತು. ನೆಲಮಂಗಲ ತಾಲ್ಲೂಕಿನ ಈ ಮಣ್ಣೆಯೇ ಹನ್ನೆರಡು ಶತಮಾನಗಳ ಹಿಂದೆ ಗಂಗ ದೊರೆ ಶ್ರೀಪುರುಷನ ಕಾಲದ ರಾಜಧಾನಿ ಮಾನ್ಯಪುರ ಎಂದರೆ ತರಗತಿಯಲ್ಲಿ ಮಕ್ಕಳು ನಗುತ್ತಿದ್ದರು. ಈಗ ಕೇಳಲೆಂದೇ ಜನ ಬರುತ್ತಾರಲ್ಲ!

ಮೊದಲ ಭಾನುವಾರ ಹದಿನಾಲ್ಕು ಜನ ಬಂದರು. ಪ್ರಮೋದಾ ಕಪಿಲೇಶ್ವರ ಗುಡಿಯ ಕಂಬಗಳನ್ನೂ ಕಲ್ಲಿನಲ್ಲೇ ಕೊರೆದ ಜಾಲಂದ್ರಗಳನ್ನೂ ತೋರಿಸಿದರು. ತಾಮ್ರಪಟಗಳಲ್ಲಿ ಇಲ್ಲಿನ ಬಸದಿಗೆ ದತ್ತಿ ಬಿಟ್ಟ ವಿಷಯ ಹೇಳಿದರು. ಅರ್ಧ ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. "ಇಷ್ಟೇನಾ? ಅರಮನೆ ಎಲ್ಲಿ?" ಎಂದು ಒಬ್ಬರು ಆಕಳಿಸಿದರು.

ನಂದೀಶ ಎಲ್ಲರನ್ನೂ ಹೊಲದ ಬದುವಿನ ಹೊಂಗೆ ಮರದ ಕೆಳಗೆ ಕರೆದೊಯ್ದ. ಅಲ್ಲೊಂದು ಚಪ್ಪಟೆ ಕಲ್ಲು ಬಿದ್ದಿತ್ತು. ಅದು ಯಾವುದೋ ಜೈನ ಬಸದಿಯ ಪೀಠವಿರಬೇಕೆಂದು ಪ್ರಮೋದಾ ಬಹಳ ದಿನದಿಂದ ಊಹಿಸಿದ್ದರು.

"ಇದು ರಾಣಿ ಕಲ್ಲು," ಎಂದು ನಂದೀಶ ದನಿ ತಗ್ಗಿಸಿದ. "ಬಸುರಿ ರಾಣೀನ ಇಲ್ಲೇ ಜೀವಂತ ಹೂತುಬಿಟ್ರು. ಮಕ್ಕಳ ಕಷ್ಟ ಹೇಳ್ಕೊಂಡ್ರೆ ಅವಳು ಕೈ ಬಿಡಲ್ಲ."

ಎಲ್ಲರೂ ಹತ್ತಿರ ಸರಿದರು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡು, "ನಿಜಾನಾ ಮೇಡಂ?" ಎಂದಳು.

ಹದಿನಾಲ್ಕು ಮುಖಗಳು ಬೆಳಗ್ಗೆಯಿಂದ ಮೊದಲ ಬಾರಿಗೆ ಪ್ರಮೋದಾ ಅವರ ಕಡೆ ತಿರುಗಿದ್ದವು. ಅವರು "ಇರಬಹುದಮ್ಮ" ಎಂದುಬಿಟ್ಟರು.

ಮುಂದಿನ ನಾಲ್ಕು ಭಾನುವಾರ ನಂದೀಶ ಕತೆ ಹೇಳುವಾಗ ಅವರು ಮರದಾಚೆ ನೋಡುತ್ತ ಸುಮ್ಮನೆ ನಿಂತರು. ಆಮೇಲೆ ಮಂಡಿನೋವು ಎಂದು ಮೂರು ವಾರ ಹೋಗಲಿಲ್ಲ.

ಮತ್ತೆ ಹೋದ ದಿನ ದೂರದಿಂದಲೇ ನಾತ ಮೂಗಿಗೆ ಬಡಿಯಿತು. ಕಲ್ಲಿಗೆ ಅರಿಶಿನ ಮೆತ್ತಿದ್ದರು. ಅದರ ಮೇಲೆ ಕಮಟು ಎಣ್ಣೆ, ಕೊಳೆತ ನಿಂಬೆಹಣ್ಣು, ಒಣಗಿ ಕಪ್ಪಾದ ರಕ್ತ, ಅಂಟಿದ ಪುಕ್ಕ. ನೊಣಗಳು ಗುಂಯ್‌ಗುಡುತ್ತಿದ್ದವು. ಪಕ್ಕದಲ್ಲಿ ಬಿಯರ್ ಬಾಟಲಿ, ಬಿರಿಯಾನಿ ಡಬ್ಬಿ. ಇರುವೆಗೂ ನೋವಾಗಬಾರದೆಂದು ಬದುಕಿದವರ ಪೀಠದ ಮೇಲೆ ಕೋಳಿಯ ಕತ್ತು ಕುಯ್ದಿದ್ದರು. ಪ್ರಮೋದಾ ಸೆರಗನ್ನು ಬಾಯಿಗೊತ್ತಿಕೊಂಡು ಮರದ ಹಿಂದೆ ಹೋಗಿ ವಾಂತಿ ಮಾಡಿದರು.

ಕಲ್ಲಿನ ಪಕ್ಕದಲ್ಲಿ ಊರಿನ ಅಮ್ಮಯಮ್ಮ ಎಂಟು ವರ್ಷದ ಮೊಮ್ಮಗಳು ಸಿಂಚನಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಹುಡುಗಿಯ ಹಣೆಯ ತುಂಬ ಅದೇ ಅರಿಶಿನ.

"ಮಗೀಗೆ ಫಿಟ್ಸ್ ಬತ್ತದೆ ಟೀಚರಮ್ಮ. ಕೋಳಿ ಕೊಟ್ಟು ಮೂರು ವಾರ ಆಯ್ತು."

"ಡಾಕ್ಟ್ರಿಗೆ ತೋರಿಸಿದ್ಯಾ?"

"ರಾಣಿ ಇಲ್ಲೇ ಅವ್ಳಲ್ಲಾ, ಡಾಕ್ಟ್ರು ಯಾಕೆ?"

"ಅಮ್ಮಯಮ್ಮ, ಇಲ್ಲಿ ಯಾವ ರಾಣೀನೂ ಇಲ್ಲ. ಅದು ಸುಳ್ಳು."

ಮುದುಕಿ ತಲೆಯೆತ್ತಿ ನೋಡಿದಳು. "ನೀವೂ ಹೂಂ ಅಂದ್ರಂತೆ? ಅದಕ್ಕೇ ನಾನು ನಂಬಿದ್ದು."

ಪ್ರಮೋದಾ ಅವರಿಗೆ ಆ ನಾತ ತಮ್ಮ ಮೈಯಿಂದಲೇ ಬರುತ್ತಿದೆ ಅನ್ನಿಸಿತು. ಪಕ್ಕದ ತೋಟದ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ತಂದರು, ತೆಂಗಿನ ನಾರು ಹಿಡಿದು ಕಲ್ಲನ್ನು ಉಜ್ಜತೊಡಗಿದರು. ಅಷ್ಟರಲ್ಲಿ ನಂದೀಶನ ವ್ಯಾನು ಬಂತು.

"ದೊಡ್ಡಮ್ಮ, ಏನಿದು? ಜನ ನೋಡ್ತಾವ್ರೆ!"

"ನೋಡ್ಲಿ," ಎಂದು ಅವರು ಇಳಿದವರ ಕಡೆ ತಿರುಗಿದರು. "ಕೇಳಿ, ರಾಣಿ ಕತೆ ಇವನು ಕಟ್ಟಿದ್ದು. ನಾನು ಗೊತ್ತಿದ್ದೂ ಹೌದು ಅಂದಿದ್ದೆ. ತಪ್ಪು ನಂದೂ ಇದೆ."

ಒಬ್ಬ ಇಡೀ ದೃಶ್ಯವನ್ನು ವಿಡಿಯೊ ಮಾಡಿಕೊಂಡ. ನಂದೀಶ ಹತ್ತಿರ ಬಂದು, "ಮುಂದಿನ ವಾರದಿಂದ ಬರಬೇಡಿ," ಎಂದಷ್ಟೇ ಹೇಳಿದ.

ಪ್ರಮೋದಾ ಹೋಗಲೂ ಇಲ್ಲ. ಆ ಬುಧವಾರ ಅಮ್ಮಯಮ್ಮನನ್ನು ಗದರಿಸಿ, ಬೇಡಿಕೊಂಡು, ಸಿಂಚನಳನ್ನು ದೊಡ್ಡಬಳ್ಳಾಪುರದ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಮಾತ್ರೆ ಬರೆದುಕೊಟ್ಟರು, ವರ್ಷಗಟ್ಟಲೆ ನುಂಗಬೇಕು, ಒಂದು ದಿನವೂ ತಪ್ಪಿಸಬಾರದು ಎಂದರು. ಒಂದು ತಿಂಗಳು ಫಿಟ್ಸ್ ಬರಲಿಲ್ಲ. ಎರಡನೇ ಬಾರಿ ತೋರಿಸಲು ಹೋಗುವಾಗ ಬಸ್ಸಿನಲ್ಲಿ ಅಮ್ಮಯಮ್ಮ ಅವರ ಕೈ ಹಿಡಿದುಕೊಂಡಳು.

"ರಾಣೀನೇ ನಿಮ್ಮನ್ನ ಕಳಿಸಿದ್ದು ಟೀಚರಮ್ಮ. ಮಗು ವಾಸಿ ಆಯ್ತು. ಮಾತ್ರೆ ಇನ್ಯಾಕೆ, ಮೊನ್ನೆಯಿಂದ ಬಿಟ್ಟಿವ್ನಿ."

ಪ್ರಮೋದಾ ಡಾಕ್ಟರ ಮಾತು ನೆನಪಿಸಿದರು, ಮಿದುಳಿನ ವಿಷಯ ಬಿಡಿಸಿ ಹೇಳಿದರು. ಮುದುಕಿ ನಗುನಗುತ್ತ ತಲೆಯಾಡಿಸಿದಳು, ಒಂದು ಮಾತೂ ಒಳಗಿಳಿಯಲಿಲ್ಲ. ಸಿಂಚನ ಕಿಟಕಿಗೆ ಮೂಗೊತ್ತಿ ಮರಗಳನ್ನು ಎಣಿಸುತ್ತಿದ್ದಳು.

ಕೊನೆಗೆ ಪ್ರಮೋದಾ ಕಣ್ಣು ಮುಚ್ಚಿದರು. ತಮ್ಮ ದನಿಯೇ ತಮಗೆ ಹೇಸಿಗೆಯಾಗುತ್ತಿರುವಂತೆ ನಿಧಾನವಾಗಿ ಹೇಳಿದರು: "ರಾತ್ರಿ ರಾಣಿ ನನ್ನ ಕನಸಿಗೆ ಬಂದಿದ್ಲು ಅಮ್ಮಯಮ್ಮ. ಮಾತ್ರೆ ಒಂದು ದಿನಾನೂ ಬಿಡಬಾರದಂತೆ. ಕೋಳಿ ಬೇಡ್ವಂತೆ."

ಅಮ್ಮಯಮ್ಮ ಗಲ್ಲ ಬಡಿದುಕೊಂಡಳು. ಸೊಂಟದ ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ಮೊಮ್ಮಗಳನ್ನು ಕರೆದಳು. ಪ್ರಮೋದಾ ನೀರಿನ ಬಾಟಲಿಯ ಮುಚ್ಚಳ ಬಿಚ್ಚಿಕೊಟ್ಟರು.