ಕಂಪ್ಯೂಟರಿಗೆ ನೊಣದ ಪರದೆ

ಹುತ್ತೂರಿನ ಗಂಗಾಲಕ್ಷ್ಮಿಯ ಕಂಪ್ಯೂಟರ್ ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಆಫ್ ಆಗುತ್ತಿತ್ತು. ಮಗಳು ರಾಧಾಳ ನರ್ಸಿಂಗ್ ಅರ್ಜಿಗೆ ಅಂದೇ ಕೊನೆಯ ದಿನ. ಗಂಗಾಲಕ್ಷ್ಮಿ ರಿಪೇರಿಗೆ ನನ್ನನ್ನು ಕರೆದಳು.

ನೋಡಿದರೆ, ರೇಷ್ಮೆಹುಳದ ಮನೆಗೆ ಕಟ್ಟುವ ನೈಲಾನ್ ಪರದೆಯನ್ನು ಸಿಪಿಯು ಡಬ್ಬಕ್ಕೆ ಎರಡು ಸುತ್ತು ಹೊಲಿದಿದ್ದಳು. ಪರದೆಯ ತುಂಬ ಧೂಳು, ಫ್ಯಾನಿಗೆ ಉಸಿರೇ ಇಲ್ಲ. ಡಬ್ಬದ ಮೇಲೆ ಒಂದು ಹಪ್ಪಳ ಇಟ್ಟೆ. ಒಂದೇ ಮಗ್ಗುಲು ಬೆಂದಿತು, ಸುಳ್ಳು ಹೇಳಬಾರದು.

“ಇದ್ಯಾಕಮ್ಮ ಸುತ್ತಿದ್ದೀಯ?”

“ಹೋದ್ ಸಲ ಊಜಿ ನೊಣ ನುಗ್ಗಿ ಹುಳ ಎಲ್ಲಾ ಸತ್ತೋದ್ವಲ್ಲಣ್ಣಾ. ಇದಕ್ಕೂ ನುಗ್ಗಿದ್ರೆ ನನ್ ಮಗಳ ಗತಿ?”

ನನಗೆ ನಗು ಬರಲಿಲ್ಲ. “ಇದು ಗೂಡು ಕಟ್ಟಲ್ಲ ಕಣಮ್ಮ, ಇದಕ್ಕೆ ಗಾಳಿ ಬೇಕು,” ಎಂದು ಪರದೆ ಬಿಚ್ಚಿ ಧೂಳು ಊದಿದೆ.

ಅರ್ಜಿ ತುಂಬಿ ಕಳಿಸಿದ್ದಾಯಿತು. ಅಷ್ಟು ಹೊತ್ತೂ ಗಂಗಾಲಕ್ಷ್ಮಿ ಪಕ್ಕದಲ್ಲೇ ನಿಂತು ಟವೆಲಿನಿಂದ ನೊಣ ಓಡಿಸುತ್ತಿದ್ದಳು.